1842ರ ವರದಿ: ಬೆತ್ನಲ್ ಗ್ರೀನ್‌ನಲ್ಲಿ ಕೂಲಿಯವರು ಸಾಯುವ ಸರಾಸರಿ ವಯಸ್ಸು 16. ಇದನ್ನು ನಂಬಬಹುದಾ?

ಈಸ್ಟ್‌ಎಂಡ್_ಬಾಡಿಗೆದಾರ

ನಾನಿರುವುದು ಪೂರ್ವ ಲಂಡನ್ನಿನ ಬೆತ್ನಲ್ ಗ್ರೀನ್‌ನಲ್ಲಿ. ಈಗ ಇಲ್ಲಿ ಕಾಫಿ ಅಂಗಡಿಗಳು, ಸೈಕಲ್ ದಾರಿ, ಹೊಟ್ಟೆ ಉರಿಸುವ ಬಾಡಿಗೆ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಇದು ರೇಷ್ಮೆ ನೇಯುವವರು, ಬೂಟು ಹೊಲಿಯುವವರು, ಕುರ್ಚಿ ಮೇಜು ಮಾಡುವವರು ತುಂಬಿದ್ದ ಬಡ ಬಡಾವಣೆ.

1842ರಲ್ಲಿ ಎಡ್ವಿನ್ ಚಾಡ್ವಿಕ್ ಎಂಬ ಅಧಿಕಾರಿ ದುಡಿಯುವ ಜನರ ಆರೋಗ್ಯದ ಬಗ್ಗೆ ಒಂದು ದಪ್ಪ ವರದಿ ಬರೆದ. ಅದರಲ್ಲಿ ಬೆತ್ನಲ್ ಗ್ರೀನ್ ಪಾಲಿಗೆ ಮೂರು ಅಂಕಿಗಳಿವೆ. ಸಾಯುವಾಗಿನ ಸರಾಸರಿ ವಯಸ್ಸು ಅನುಕೂಲಸ್ಥರಿಗೆ 45, ವ್ಯಾಪಾರಿಗಳಿಗೆ 26, ಕೂಲಿಯವರಿಗೆ 16.

ಹದಿನಾರಕ್ಕೆ ಎಲ್ಲರೂ ಸತ್ತರೆ ಮಗ್ಗ ನಡೆಸಿದವರು ಯಾರು, ಮಕ್ಕಳನ್ನು ಹೆತ್ತವರು ಯಾರು? ಇನ್ನೊಂದು ಪ್ರಶ್ನೆ. ಇಷ್ಟೊಂದು ಜನ ಸತ್ತದ್ದು ಯಾವುದರಿಂದ? ಕಾಲರಾದಿಂದ ಅಂತ ಎಲ್ಲ ಕಡೆ ಬರೆದಿರುತ್ತಾರೆ. ಅದೊಂದೇನಾ?

ಬೋರ್‌ವೆಲ್_ಬಸವ

ಬಾಡಿಗೆ ಕೇಳಿ ಸತ್ತಿರಬೇಕು.

ಅಂಕಿಅಂಶದ_ಅಣ್ಣ

ಪಟ್ಟಿಯ ಅಂಕಿ ಸರಿ ಇದೆ. ಅದನ್ನು ಓದುವ ರೀತಿ ತಪ್ಪು. ಅದು ಜನರ ಆಯಸ್ಸು ಅಲ್ಲ. ಒಂದು ವರ್ಷದಲ್ಲಿ ಸತ್ತವರ ವಯಸ್ಸನ್ನೆಲ್ಲ ಕೂಡಿಸಿ, ಸತ್ತವರ ಸಂಖ್ಯೆಯಿಂದ ಭಾಗಿಸಿದ್ದು, ಅಷ್ಟೇ. ಬದುಕಿದ್ದವರು ಎಷ್ಟು ಜನ, ಅವರ ವಯಸ್ಸೆಷ್ಟು ಅನ್ನುವುದು ಆ ಲೆಕ್ಕದೊಳಗೆ ಬರುವುದೇ ಇಲ್ಲ.

ಎಳೆ ಜೋಡಿಗಳು ತುಂಬಿರುವ ಏರಿಯಾದಲ್ಲಿ ಹೆರಿಗೆ ಜಾಸ್ತಿ. ಹೆರಿಗೆ ಜಾಸ್ತಿ ಆದರೆ ಸಾಯುವವರಲ್ಲಿ ಕೂಸುಗಳೂ ಜಾಸ್ತಿ. ಸರಾಸರಿ ಧಬಕ್ಕನೆ ಬೀಳುತ್ತದೆ. ವೃದ್ಧಾಶ್ರಮ ಇರುವ ಬೀದಿಯಲ್ಲಿ ಇದೇ ಲೆಕ್ಕ ಹಾಕಿದರೆ 80 ಬರುತ್ತದೆ. ಅಲ್ಲಿನ ಚರಂಡಿ ಚೆನ್ನಾಗಿದೆ ಅಂತ ಅರ್ಥನಾ?

ಇದು ನಾನು ಇವತ್ತು ಕಂಡುಹಿಡಿದದ್ದಲ್ಲ. 1844ರಲ್ಲೇ ನೀಸನ್ ಎಂಬ ವಿಮಾ ಲೆಕ್ಕಿಗ ಚಾಡ್ವಿಕ್ಕನ ಈ ಲೆಕ್ಕವನ್ನು ಚಿಂದಿ ಮಾಡಿದ್ದ. ಸರಿಯಾದ ದಾರಿ ಹಿಡಿದವನು ವಿಲಿಯಂ ಫಾರ್. ಜನನ ಮರಣ ನೋಂದಣಿ ಕಚೇರಿಯಲ್ಲಿ ಕೂತು ಜೀವಿತ ಕೋಷ್ಟಕ ತಯಾರಿಸಿದ, ಅಂದರೆ ಬದುಕಿದ್ದವರನ್ನೂ ಲೆಕ್ಕಕ್ಕೆ ತಂದು ಯಾವ ವಯಸ್ಸಿನಲ್ಲಿ ಎಷ್ಟು ಜನ ಸಾಯುತ್ತಾರೆ ಅನ್ನುವ ಪಟ್ಟಿ. 1841ರ ಸುಮಾರಿಗೆ ಹುಟ್ಟಿದ ಮಗುವಿನ ನಿರೀಕ್ಷಿತ ಆಯಸ್ಸು ಹಳ್ಳಿಗಳೇ ಜಾಸ್ತಿ ಇದ್ದ ಸರ್ರೆಯಲ್ಲಿ 45, ಲಂಡನ್ನಿನಲ್ಲಿ 37, ಲಿವರ್‌ಪೂಲ್‌ನಲ್ಲಿ 26. ಅದೇ ಲಿವರ್‌ಪೂಲ್‌ನ ಕೂಲಿಯವರಿಗೆ ಚಾಡ್ವಿಕ್ ಕೊಟ್ಟದ್ದು 15. ಒಂದು ಇಡೀ ಊರಿನದು, ಇನ್ನೊಂದು ಕೂಲಿಯವರದ್ದು ಮಾತ್ರ, ಒಪ್ಪಿದೆ. ಆದರೂ ಎರಡರ ನಡುವಿನ ಅಂತರದಲ್ಲಿ ಬಡತನದ ಪಾಲೆಷ್ಟು, ಲೆಕ್ಕದ ಪಾಲೆಷ್ಟು ಅಂತ ಯೋಚಿಸಿ.

ಅನ್ನ_ಮೊದಲು

ಹಾಗಾದರೆ ಬೆತ್ನಲ್ ಗ್ರೀನ್ ಚೆನ್ನಾಗಿತ್ತು ಅಂತಾನಾ ನಿಮ್ಮ ವಾದ?

ಅಂಕಿಅಂಶದ_ಅಣ್ಣ

ಎಲ್ಲಿ ಹೇಳಿದೆ ಹಾಗೆ? ಲಿವರ್‌ಪೂಲ್‌ನ 26 ಅನ್ನುವುದೇ ಘೋರ. ಘೋರವನ್ನು ಹೇಳಲು ತಪ್ಪು ಲೆಕ್ಕ ಬೇಕಿಲ್ಲ ಅಂದೆ.

ಡಾಕ್ಟ್ರಮ್ಮ

ಮಕ್ಕಳ ವೈದ್ಯೆ ನಾನು. ಎರಡನೇ ಪ್ರಶ್ನೆ ನನಗಿರಲಿ.

ಕಾಲರಾ ಅಲ್ಲ. ಕಾಲರಾ ಲಂಡನ್ನಿಗೆ ದೊಡ್ಡದಾಗಿ ಬಂದದ್ದು ನಾಲ್ಕೇ ಸಲ: 1832, 1848-49, 1853-54, 1866. ನಡುವಿನ ವರ್ಷಗಳಲ್ಲಿ ಜನ ಸಾಯುವುದನ್ನು ನಿಲ್ಲಿಸಿದ್ದರಾ? ಇಲ್ಲ. 1849ರ ದೊಡ್ಡ ಅಲೆಯಲ್ಲಿ ಲಂಡನ್ನಿನಲ್ಲಿ ಸುಮಾರು 14,000 ಜನ ಹೋದರು, ಅದೇನು ಸಣ್ಣದಲ್ಲ. ಆದರೆ ಕ್ಷಯ ವರ್ಷ ವರ್ಷವೂ ತಪ್ಪದೆ ಕೊಲ್ಲುತ್ತಿತ್ತು. ಅದೂ 20ರಿಂದ 40ರ ನಡುವಿನ ದುಡಿಯುವ ವಯಸ್ಸಿನವರನ್ನು. ಅದರ ಜೊತೆಗೆ ಬ್ರಾಂಕೈಟಿಸ್, ನ್ಯುಮೋನಿಯಾ. ಲಂಡನ್ನಿನ ಕಲ್ಲಿದ್ದಲ ಹೊಗೆಗೆ ಮಂಜು ಸೇರಿದ ವಾರಗಳಲ್ಲಿ ಮುದುಕರು ಉದುರುತ್ತಿದ್ದರು.

ಮಕ್ಕಳ ಪಟ್ಟಿ ಬೇರೆಯೇ. ಬೇಸಿಗೆಯ ಭೇದಿ, ದಡಾರ, ನಾಯಿಕೆಮ್ಮು, ಸ್ಕಾರ್ಲೆಟ್ ಜ್ವರ, ಗಂಟಲಮಾರಿ. 1863ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸ್ಕಾರ್ಲೆಟ್ ಜ್ವರವೊಂದರಿಂದಲೇ 30,000ಕ್ಕೂ ಜಾಸ್ತಿ ಸಾವು. ಅದು ಬಡವರ ಮನೆಯನ್ನೇ ಹುಡುಕಿಕೊಂಡೂ ಹೋಗುತ್ತಿರಲಿಲ್ಲ. ಕಾರ್ಲೈಲ್ ಊರಿನ ಚರ್ಚಿನ ಮುಖ್ಯಸ್ಥನಾಗಿದ್ದ ಆರ್ಚಿಬಾಲ್ಡ್ ಟೇಟ್ 1856ರಲ್ಲಿ ಕೆಲವೇ ವಾರಗಳೊಳಗೆ ಐದು ಹೆಣ್ಣುಮಕ್ಕಳನ್ನು ಕಳೆದುಕೊಂಡ. ಮುಂದೆ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆದವನು.

ಕಾಲರಾಕ್ಕೆ ಅಷ್ಟು ಹೆಸರು ಬಂದದ್ದು ಅದು ವೇಗವಾಗಿ ಕೊಲ್ಲುತ್ತಿತ್ತು ಅಂತ. ಬೆಳಿಗ್ಗೆ ಗಟ್ಟಿಮುಟ್ಟಾಗಿದ್ದವನು ರಾತ್ರಿಗೆ ಹೆಣ. ಅದಕ್ಕೇ ಸರ್ಕಾರ ಹೆದರಿದ್ದು. ದಡಾರಕ್ಕೆ ಯಾವ ಮಂತ್ರಿ ಹೆದರುತ್ತಾನೆ?

ಸಂಜೆ_ವಾಕಿಂಗ್

ಕಾಲರಾಕ್ಕೆ ಆಗ ಮದ್ದೇ ಇರಲಿಲ್ವಾ ಡಾಕ್ಟ್ರೇ?

ಡಾಕ್ಟ್ರಮ್ಮ

ಇತ್ತು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1832ರಲ್ಲೇ ಸ್ಕಾಟ್ಲೆಂಡಿನ ಲೀತ್‌ನಲ್ಲಿ ಥಾಮಸ್ ಲ್ಯಾಟಾ ಎಂಬ ವೈದ್ಯ ಉಪ್ಪುನೀರನ್ನು ರಕ್ತನಾಳಕ್ಕೆ ಹಾಕಿ ಸಾಯುತ್ತಿದ್ದವರನ್ನು ಎಬ್ಬಿಸಿ ಕೂರಿಸಿದ. ಇವತ್ತು ನಾವು ಡ್ರಿಪ್ ಹಾಕುವುದು ಅದನ್ನೇ. ಆಗ ನೀರು ಶುದ್ಧ ಇಲ್ಲ, ಸೂಜಿ ಶುದ್ಧ ಇಲ್ಲ, ಒಂದು ಸಲ ಹಾಕಿ ನಿಲ್ಲಿಸಿಬಿಡುತ್ತಿದ್ದರು. ಎದ್ದು ಕೂತವರು ಮತ್ತೆ ಬೀಳುತ್ತಿದ್ದರು. ಲ್ಯಾಟಾ ಮರುವರ್ಷವೇ ತೀರಿಕೊಂಡ. ಕೆಲಸ ಅಲ್ಲಿಗೇ ನಿಂತಿತು. ಉಳಿದವರು ಕಾಲರಾ ರೋಗಿಯ ರಕ್ತ ತೆಗೆಯುವುದು, ಪಾದರಸದ ಮಾತ್ರೆ ಕೊಡುವುದು ಮುಂದುವರಿಸಿದರು.

ಬೋರ್‌ವೆಲ್_ಬಸವ

ಭೇದಿ ಆಗಿ ಒಣಗಿದವನ ರಕ್ತ ಬೇರೆ ತೆಗೆಯುವುದಾ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ನಳದ_ನೀರು

ಬರೆ ಎಮ್ಮೆಗೆ ಬಿದ್ದ ಇನ್ನೊಂದು ಕಥೆ ಹೇಳುತ್ತೇನೆ. ಚಾಡ್ವಿಕ್ಕಿಗೆ ರೋಗ ಹರಡುವುದು ದುರ್ವಾಸನೆಯಿಂದ ಅಂತ ಬಲವಾದ ನಂಬಿಕೆ. ಅದಕ್ಕೇ ಮನೆಗಳ ಕೆಳಗಿದ್ದ ಮಲದ ಗುಂಡಿಗಳನ್ನು ತೊಳೆದು ಚರಂಡಿಗೆ ಬಿಡಿ ಅಂದ. ಚರಂಡಿ ಹೋಗುವುದು ಎಲ್ಲಿಗೆ? ಥೇಮ್ಸ್ ನದಿಗೆ. ನಲ್ಲಿ ನೀರು ಬರುವುದು ಎಲ್ಲಿಂದ? ಅದೇ ಥೇಮ್ಸ್‌ನಿಂದ. ವಾಸನೆ ಹೋಯಿತು, ಮಲ ಲೋಟಕ್ಕೆ ಬಂತು. ಅದರ ಬೆನ್ನಿಗೇ 1849ರ ಕಾಲರಾ.

ಕಾಲರಾ ನೀರಿನಿಂದಲೇ ಬರುತ್ತದೆ ಅಂದವನು ಜಾನ್ ಸ್ನೋ ಎಂಬ ಲಂಡನ್ ವೈದ್ಯ. ಸೋಹೋ ಬಡಾವಣೆಯ ಬ್ರಾಡ್ ಸ್ಟ್ರೀಟ್ ಪಂಪಿನ ಕಥೆ ಎಲ್ಲರಿಗೂ ಗೊತ್ತು: ಸುತ್ತಲಿನ ಸಾವುಗಳಿಗೆ ಆ ಪಂಪಿನ ನೀರೇ ಕಾರಣ ಅಂದ. 1854ರ ಸೆಪ್ಟೆಂಬರ್ 8ಕ್ಕೆ ಹಿಡಿ ಕಳಚಿದರು ಇತ್ಯಾದಿ. ಅಲ್ಲಿ ಕಾಲರಾ ಆಗಲೇ ಇಳಿಯುತ್ತಿತ್ತು, ಹಿಡಿ ತೆಗೆದದ್ದರಿಂದ ನಿಂತಿತು ಅನ್ನುವುದು ಸ್ವಲ್ಪ ಉಪ್ಪುಖಾರ ಸೇರಿದ ಕಥೆ. ಗಟ್ಟಿ ಸಾಕ್ಷಿ ಇರುವುದು ನದಿಯ ದಕ್ಷಿಣದಲ್ಲಿ. ಅಲ್ಲಿ ಒಂದೇ ಬೀದಿಗೆ ಎರಡು ಕಂಪನಿಗಳ ನೀರು. ಲ್ಯಾಂಬೆತ್ ಕಂಪನಿ 1852ರಲ್ಲಿ ತನ್ನ ಪಂಪನ್ನು ನದಿಯ ಮೇಲ್ಭಾಗಕ್ಕೆ ಒಯ್ದಿತ್ತು. ಸದರ್ಕ್ ಮತ್ತು ವಾಕ್ಸ್‌ಹಾಲ್ ಕಂಪನಿ ಊರ ಕೊಳೆ ಬೀಳುವಲ್ಲೇ ನೀರೆತ್ತುತ್ತಿತ್ತು. 1854ರ ಅಲೆಯ ಮೊದಲ ಏಳು ವಾರಗಳಲ್ಲಿ ಸ್ನೋ ಮನೆ ಮನೆ ಲೆಕ್ಕ ಹಾಕಿದ. ಪ್ರತಿ 10,000 ಮನೆಗೆ ಲ್ಯಾಂಬೆತ್ ಕಡೆ 37 ಸಾವು, ಇನ್ನೊಂದು ಕಡೆ 315. ಅದೇ ಬೀದಿ, ಅದೇ ಗಾಳಿ, ಅದೇ ವಾಸನೆ. ನೀರು ಮಾತ್ರ ಬೇರೆ.

ಹಳೇ_ಕಡತ

ಸೋಹೋ, ಲ್ಯಾಂಬೆತ್ ಎಲ್ಲ ಆಯಿತು, ಬೆತ್ನಲ್ ಗ್ರೀನ್ ಕೇಳಿದ್ದರಲ್ವಾ ಇವರು. ಬೆತ್ನಲ್ ಗ್ರೀನ್‌ಗೆ 1866 ಮುಖ್ಯ. ಆ ವರ್ಷ ಲಂಡನ್ನಿನ ಕಾಲರಾ ಸಾವು ಸುಮಾರು 5,600. ಅದರಲ್ಲಿ ಬಹುಪಾಲು ಪೂರ್ವ ಭಾಗದ್ದೇ: ಬೆತ್ನಲ್ ಗ್ರೀನ್, ವೈಟ್‌ಚಾಪೆಲ್, ಸ್ಟೆಪ್ನಿ, ಪಾಪ್ಲರ್.

ಉಳಿದ ಲಂಡನ್ನಿಗೆ ಎಂಜಿನಿಯರ್ ಬ್ಯಾಝಲ್ಜೆಟ್ ಹೊಸ ಚರಂಡಿ ಕಟ್ಟಿಕೊಟ್ಟಿದ್ದ. ಪೂರ್ವಕ್ಕೆ ಬೇಕಾದ ಆ್ಯಬಿ ಮಿಲ್ಸ್ ಪಂಪ್‌ಹೌಸ್ ಮಾತ್ರ ಇನ್ನೂ ಮುಗಿದಿರಲಿಲ್ಲ. ಅದು ಶುರುವಾದದ್ದು 1868ರಲ್ಲಿ. ಬಡವರ ಏರಿಯಾದ ಕಾಮಗಾರಿ ಕೊನೆಗೆ, ಗೊತ್ತಲ್ಲ.

ಅಷ್ಟರಲ್ಲಿ ಈಸ್ಟ್ ಲಂಡನ್ ವಾಟರ್ ಕಂಪನಿ ಓಲ್ಡ್ ಫೋರ್ಡ್‌ನ ತೆರೆದ ಕೆರೆಯಿಂದ ಸೋಸದ ನೀರನ್ನು ಬಿಟ್ಟಿತ್ತು. ಸೋಸಬೇಕು, ಊರೊಳಗಿನ ಕೆರೆಗಳನ್ನು ಮುಚ್ಚಬೇಕು ಅಂತ 1852ರಲ್ಲೇ ಕಾನೂನು ಬಂದಿತ್ತು. ಕಂಪನಿಯ ಎಂಜಿನಿಯರ್ ಪತ್ರಿಕೆಗೆ ಪತ್ರ ಬರೆದ. ವರ್ಷಗಳಿಂದ ಸೋಸದ ಒಂದು ಹನಿಯೂ ನಾವು ಕೊಟ್ಟಿಲ್ಲ ಅಂದ. ಆಮೇಲೆ ತನಿಖೆಯಲ್ಲಿ ಜನ ಬಂದು ನಮ್ಮ ಪೈಪಿನಲ್ಲಿ ಹಾವುಮೀನು ಸಿಕ್ಕಿತು ಅಂದರು. ಮರಳಿನ ಸೋಸುಗದ ಮೂಲಕ ಹಾವುಮೀನು ಹೇಗೆ ಬರುತ್ತದೆ?

ಬೋರ್‌ವೆಲ್_ಬಸವ

ನಮ್ಮ ಕಡೆ ನೀರೇ ಬರಲ್ಲ, ಇವರಿಗೆ ಮೀನು ಸಮೇತ ಬಂದಿದೆ.

ಅಂಕಿಅಂಶದ_ಅಣ್ಣ

1866ರಲ್ಲಿ ಈ ಕಂಪನಿಯ ಜಾಡು ಹಿಡಿದದ್ದೂ ಫಾರ್ ಅವನೇ. ತಮಾಷೆ ಅಂದರೆ 1849ರ ಅಲೆಯ ಮೇಲೆ ಫಾರ್ ಬರೆದದ್ದು ಬೇರೆ. ನದಿ ಮಟ್ಟದಿಂದ ಎತ್ತರ ಹೋದಂತೆ ಕಾಲರಾ ಕಡಿಮೆ ಅಂತ ಸೂತ್ರವನ್ನೇ ಕೊಟ್ಟಿದ್ದ. ಅಂಕಿಗಳು ಆ ಸೂತ್ರಕ್ಕೆ ಎಷ್ಟು ಚೆನ್ನಾಗಿ ಕೂತಿದ್ದವು ಅಂದರೆ ಯಾರಿಗೂ ಅನುಮಾನವೇ ಬರುವಂತಿರಲಿಲ್ಲ. ತಗ್ಗಿನಲ್ಲಿ ಕೆಟ್ಟ ಗಾಳಿ ನಿಲ್ಲುತ್ತದೆ ಅನ್ನುವುದು ಅವನ ವಿವರಣೆ. ನಿಜ ಕಾರಣ ತಗ್ಗಿನವರು ಕೊಳೆ ನೀರು ಕುಡಿಯುತ್ತಿದ್ದದ್ದು. ಅಂಕಿ ಸುಳ್ಳು ಹೇಳಲಿಲ್ಲ, ಕಾರಣ ಬೇರೆ ಇತ್ತು. ಮುಂದೆ ಸಾಕ್ಷಿ ನೋಡಿ ಫಾರ್ ಪಕ್ಷ ಬದಲಿಸಿದ. ಸ್ನೋ 1858ರಲ್ಲೇ ತೀರಿಕೊಂಡಿದ್ದ, ಪಾಪ, ನೋಡಲಿಲ್ಲ.

ಈಸ್ಟ್‌ಎಂಡ್_ಬಾಡಿಗೆದಾರ

ಇಲ್ಲಿ ಪಕ್ಕದಲ್ಲೇ ವಿಕ್ಟೋರಿಯಾ ಪಾರ್ಕ್ ಇದೆ. ಅದಕ್ಕೂ ಫಾರ್‌ಗೂ ಏನೋ ನಂಟಿದೆ ಅಂತ ಓದಿದ ನೆನಪು.

ಹಳೇ_ಕಡತ

ಇದೆ. 1839ರ ಮೊದಲ ನೋಂದಣಿ ವರದಿಯಲ್ಲೇ ಪೂರ್ವ ಲಂಡನ್ನಿಗೆ ಒಂದು ಪಾರ್ಕ್ ಕೊಟ್ಟರೆ ವರ್ಷಕ್ಕೆ ಸಾವಿರಾರು ಸಾವು ತಪ್ಪಬಹುದು ಅಂತ ಫಾರ್ ಬರೆದಿದ್ದ. ಅದನ್ನು ಹಿಡಿದು 30,000 ಜನ ಸಹಿ ಹಾಕಿ ರಾಣಿಗೆ ಮನವಿ ಕೊಟ್ಟರು. 1845ರಲ್ಲಿ ಪಾರ್ಕ್ ತೆರೆಯಿತು. ಕೆಟ್ಟ ಗಾಳಿಯ ಸಿದ್ಧಾಂತ ತಪ್ಪಿದ್ದರೂ ನಿಮಗೆ ವಾಕಿಂಗ್ ಜಾಗ ಸಿಕ್ಕಿತು.

ಅನ್ನ_ಮೊದಲು

ಚರಂಡಿ, ನೀರು, ಪಾರ್ಕ್ ಎಲ್ಲ ಸರಿ. ಹೊಟ್ಟೆಗೆ ಏನಿತ್ತು ಅಂತ ಯಾರೂ ಕೇಳಲ್ಲ. ಕ್ಷಯದ ಸಾವು ಇಳಿಯುತ್ತಾ ಬಂದದ್ದು ಕಾಖ್ 1882ರಲ್ಲಿ ಅದರ ರೋಗಾಣು ಕಂಡುಹಿಡಿಯುವುದಕ್ಕೂ ಮೊದಲಿನಿಂದ. ಔಷಧಿ ಬಂದದ್ದು ಇನ್ನೂ ಅರವತ್ತು ವರ್ಷಕ್ಕೆ. ಚರಂಡಿಯಿಂದ ಕ್ಷಯ ಹೋಗುತ್ತದಾ? ಇಲ್ಲ. ಹೊಟ್ಟೆ ತುಂಬಿದ್ದರಿಂದ ಹೋಯಿತು. ಥಾಮಸ್ ಮೆಕ್ಯೂನ್ ಎಂಬ ವೈದ್ಯ ಇದನ್ನೇ ಹೇಳಿದ್ದು. 1870ರ ದಶಕದಿಂದ ಅಮೆರಿಕದ ಅಗ್ಗದ ಗೋಧಿ ಬಂತು, ಕೂಲಿಯ ಬೆಲೆ ಏರಿತು, ಸಾವು ಇಳಿಯಿತು. ಅಷ್ಟೇ ಕಥೆ.

ನಳದ_ನೀರು

ಅಷ್ಟೇ ಕಥೆ ಆಗಿದ್ದರೆ ಚೆನ್ನಾಗಿರುತ್ತಿತ್ತು. 1988ರಲ್ಲಿ ಸೈಮನ್ ಸ್ರೆಟರ್ ಎಂಬ ಇತಿಹಾಸಕಾರ ಮೆಕ್ಯೂನ್ ಲೆಕ್ಕವನ್ನೇ ತಿರುವಿ ನೋಡಿದ. ಕ್ಷಯ ಇಳಿದ ಅದೇ ಕಾಲದಲ್ಲಿ ಬ್ರಾಂಕೈಟಿಸ್, ನ್ಯುಮೋನಿಯಾ ಹೆಸರಿನ ಸಾವುಗಳು ಏರಿವೆ. ಹೊಟ್ಟೆ ತುಂಬಿದವನಿಗೆ ಕ್ಷಯ ಬರಲ್ಲ, ಬ್ರಾಂಕೈಟಿಸ್ ಬರುತ್ತದೆ ಅಂದರೆ ಹೇಗೆ? ಒಂದಷ್ಟು ಸಾವು ಒಂದು ಕಾಲಂನಿಂದ ಇನ್ನೊಂದಕ್ಕೆ ಜಾರಿರಬಹುದು. ನಿಜವಾಗಿ ಇಳಿದದ್ದು ಟೈಫಾಯ್ಡ್, ಕಾಲರಾ, ಸಿಡುಬು, ಟೈಫಸ್. ಇವಕ್ಕೆಲ್ಲ ಊರಿನ ಆಡಳಿತ ದುಡ್ಡು ಖರ್ಚು ಮಾಡಿದ ಮೇಲೆ. 1875ರ ಸಾರ್ವಜನಿಕ ಆರೋಗ್ಯ ಕಾಯ್ದೆಯ ನಂತರ ಸ್ಥಳೀಯ ಆಡಳಿತಗಳು ಸಾಲ ತೆಗೆದು ನೀರು, ಚರಂಡಿ ಮಾಡಿದ್ದಕ್ಕೆ ಬೆಲೆನೇ ಇಲ್ವಾ?

ಅನ್ನ_ಮೊದಲು

ನೀವು ಸಿವಿಲ್ ಎಂಜಿನಿಯರ್ ಅಂತ ಗೊತ್ತಾಯಿತು.

ನಳದ_ನೀರು

ನೀವು ಅಡುಗೆ ಕಂಟ್ರಾಕ್ಟರ್ ಅಂತ ನಮಗೂ ಗೊತ್ತಾಯಿತು.

ಡಾಕ್ಟ್ರಮ್ಮ

ಇಬ್ಬರೂ ಸುಮ್ನೆ ಸ್ವಲ್ಪ ಕೂತು ಒಂದು ವರ್ಷದೊಳಗಿನ ಕೂಸುಗಳ ಅಂಕಿ ನೋಡಿ. ಹುಟ್ಟಿದ 1,000ದಲ್ಲಿ ಸುಮಾರು 150 ಕೂಸುಗಳು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. ಇದು ವಿಕ್ಟೋರಿಯಾ ಕಾಲದ ಶುರುವಿನಲ್ಲೂ ಅಷ್ಟೇ, ಕೊನೆಯಲ್ಲೂ ಹೆಚ್ಚೂಕಡಿಮೆ ಅಷ್ಟೇ. 1899ರಲ್ಲಿ ಇಡೀ ದೇಶದ ಸರಾಸರಿ 163. ಅಷ್ಟು ಹೊತ್ತಿಗೆ ಚರಂಡಿ ಇತ್ತು, ಸೋಸಿದ ನೀರಿತ್ತು, ಅಗ್ಗದ ಗೋಧಿ ಇತ್ತು, ರೋಗಾಣು ಸಿದ್ಧಾಂತವೂ ಗೆದ್ದಿತ್ತು. ಇಬ್ಬರ ವಾದವೂ ಇಲ್ಲಿ ನಿಲ್ಲಲ್ಲ.

ಮುಖ್ಯ ಕೊಲೆಗಾರ ಬೇಸಿಗೆ ಭೇದಿ. 1890ರ ದಶಕದಲ್ಲಿ ಸೆಕೆಯ ಬೇಸಿಗೆಗಳು ಸಾಲಾಗಿ ಬಂದವು. ಬೀದಿ ತುಂಬಾ ಕುದುರೆ ಲದ್ದಿ, ಲದ್ದಿ ತುಂಬಾ ನೊಣ. ನೊಣ ನೇರವಾಗಿ ಹಾಲಿನ ಪಾತ್ರೆಗೆ. ಆ ಕಾಲದ ಹಾಲುಣಿಸುವ ಬಾಟಲಿಗೆ ಉದ್ದದ ರಬ್ಬರ್ ನಳಿಗೆ. ಮಗು ಮಲಗಿಕೊಂಡೇ ಚೀಪಬಹುದು, ತಾಯಿ ಕೆಲಸ ಮಾಡಿಕೊಳ್ಳಬಹುದು. ಆ ನಳಿಗೆಯ ಒಳಗನ್ನು ತೊಳೆಯಲು ಸಾಧ್ಯವೇ ಇರಲಿಲ್ಲ. ಇನ್ನೂ ಬಡವರು ಡಬ್ಬಿಯ ಗಟ್ಟಿ ಹಾಲು ಕೊಡುತ್ತಿದ್ದರು. ಕೊಬ್ಬು ತೆಗೆದ, ಸಕ್ಕರೆ ತುಂಬಿದ ಹಾಲು. ಮಕ್ಕಳು ನೋಡಲು ದುಂಡಗೆ, ಮೂಳೆ ಮಾತ್ರ ಮೆತ್ತಗೆ.

ಅಳುವ ಕೂಸಿಗೆ ಗಾಡ್‌ಫ್ರೇಸ್ ಕಾರ್ಡಿಯಲ್ ಅನ್ನುವ ಸಿಹಿ ಔಷಧಿ. ಅದರಲ್ಲಿ ಅಫೀಮು. ಮಗು ನಿದ್ದೆ ಮಾಡುತ್ತದೆ, ಹಸಿವನ್ನೇ ಮರೆಯುತ್ತದೆ, ಸೊರಗುತ್ತದೆ. ಸಾವಿನ ಕಾಲಂನಲ್ಲಿ ನಿಶ್ಶಕ್ತಿ ಅಂತ ಬರೆದು ಮುಗಿಸುತ್ತಿದ್ದರು.

ಮಾತಿನ_ಮಲ್ಲಿ

ತಾಯಂದಿರನ್ನೇ ಬೈಯುವುದು ಆ ಕಾಲದ ಆರೋಗ್ಯಾಧಿಕಾರಿಗಳಿಗೂ ಇಷ್ಟ ಇತ್ತು ಡಾಕ್ಟ್ರೇ. ಗೊತ್ತಿಲ್ಲದ ತಾಯಿ, ಕೆಲಸಕ್ಕೆ ಹೋಗುವ ತಾಯಿ, ಶನಿವಾರ ಕುಡಿದು ಮಗುವಿನ ಮೇಲೆ ಹೊರಳಿದ ತಾಯಿ. ಒಂದೇ ಕೋಣೆ, ಒಂದೇ ಹಾಸಿಗೆ, ಅದರಲ್ಲಿ ಐದು ಜನ. ಹೊರಳದೆ ಏನು ಮಾಡಬೇಕಿತ್ತು? ನೀರು ದಿನಕ್ಕೆ ಕೆಲವೇ ಗಂಟೆ, ಭಾನುವಾರ ಇಲ್ಲವೇ ಇಲ್ಲ. ಅಂಗಳದ ಒಂದು ನಲ್ಲಿಗೆ ಹತ್ತಾರು ಮನೆ. ಬಾಟಲಿ ತೊಳೆ ಅಂದರೆ ಯಾವ ನೀರಿನಲ್ಲಿ ತೊಳೆಯಬೇಕು?

ಡಾಕ್ಟ್ರಮ್ಮ

ಮಲ್ಲಿ, ನಾನು ಬೈದದ್ದು ಬಾಟಲಿಯನ್ನು. ನಿಮ್ಮ ಮಾತಿಗೆ ಒಂದು ಪುರಾವೆ ನಾನೇ ಕೊಡುತ್ತೇನೆ. ಬೆತ್ನಲ್ ಗ್ರೀನ್ ಪಕ್ಕದ ವೈಟ್‌ಚಾಪೆಲ್‌ನಲ್ಲಿ ರಷ್ಯಾ, ಪೋಲೆಂಡ್ ಕಡೆಯಿಂದ ಬಂದ ಯಹೂದಿ ಬಡವರು ತುಂಬಿದ್ದರು. ಅದೇ ಇಕ್ಕಟ್ಟು, ಅದೇ ಕೊಳೆ. ಆದರೆ ಅವರಲ್ಲಿ ಶಿಶುಮರಣ ಸುತ್ತಲಿನವರಿಗಿಂತ ಕಡಿಮೆ. ಎದೆಹಾಲು ಜಾಸ್ತಿ ದಿನ ಕೊಡುತ್ತಿದ್ದರು. ಬಾಣಂತಿಗೆ ನೆರವಾಗುವ ಸಮುದಾಯದ ಸಂಘಗಳಿದ್ದವು. ಹೆರಿಗೆಯಾದ ಕೂಡಲೇ ಕೆಲಸಕ್ಕೆ ಓಡಬೇಕಿರಲಿಲ್ಲ. ಬಡತನ ಒಂದೇ, ಕೂಸಿನ ಗತಿ ಬೇರೆ.

1900ರ ನಂತರ ಇಳಿದದ್ದು ನೋಡಿ. 1899ರಲ್ಲಿ ಸೇಂಟ್ ಹೆಲೆನ್ಸ್ ಊರಿನಲ್ಲಿ ಶುದ್ಧ ಹಾಲಿನ ಕೇಂದ್ರ ತೆರೆದರು, ಬೇರೆ ಊರುಗಳು ಹಿಂಬಾಲಿಸಿದವು. ಮನೆ ಮನೆಗೆ ಹೋಗುವ ಆರೋಗ್ಯ ಸಹಾಯಕಿಯರು ಬಂದರು. ಬೀದಿಯಿಂದ ಕುದುರೆಗಳೂ ನಿಧಾನಕ್ಕೆ ಹೋದವು. ಹತ್ತು ವರ್ಷದಲ್ಲಿ 163 ಇದ್ದದ್ದು 105ರ ಹತ್ತಿರ ಬಂತು.

ಸಂಜೆ_ವಾಕಿಂಗ್

ನಮ್ಮ ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ ಆದದ್ದೂ ಹೀಗೇ ಅಲ್ವಾ? 1898ರ ಪ್ಲೇಗ್ ಬಂತು, ಪೇಟೆ ಬಿಟ್ಟು ಹೊರಗೆ ಕಟ್ಟಿದರು. ನಮ್ಮ ಮನೆ ಹತ್ತಿರ ಪ್ಲೇಗಮ್ಮನ ಗುಡಿ ಇದೆ.

ಹಳೇ_ಕಡತ

ಆ ಬಡಾವಣೆಗಳ ಯೋಜನೆ ಪ್ಲೇಗಿಗಿಂತ ಮೊದಲೇ ಶುರುವಾಗಿತ್ತು. ಪ್ಲೇಗ್ ಅದಕ್ಕೆ ವೇಗ ಕೊಟ್ಟಿತು. ಆದರೆ ಈ ದಾರದೊಳಗೆ ಬೆಂಗಳೂರಿಗೆ ನಿಜವಾದ ಒಂದು ಕೊಂಡಿ ಇದೆ. ಮಲೇರಿಯಾದ ರೊನಾಲ್ಡ್ ರಾಸ್ ಗೊತ್ತಲ್ಲ? 1895ರಲ್ಲಿ ಅವನನ್ನು ಬೆಂಗಳೂರಿಗೆ ಕಳಿಸಿದ್ದು ಮಲೇರಿಯಾಕ್ಕಲ್ಲ, ಕಾಲರಾಕ್ಕೆ. ಬಾವಿ, ಚರಂಡಿ ಶುಚಿ ಮಾಡಿಸುವ ಕೆಲಸ. ಲಂಡನ್ನಿನಲ್ಲಿ 1866ರಲ್ಲೇ ಮುಗಿದ ಪಾಠವನ್ನು ಕಂಟೋನ್ಮೆಂಟಿನಲ್ಲಿ ಮೂವತ್ತು ವರ್ಷ ತಡವಾಗಿ ಒಪ್ಪಿಸುತ್ತಿದ್ದರು.

ನಿರ್ವಾಹಕ

ಪ್ಲೇಗ್, ಬೆಂಗಳೂರು ಬೇರೆ ಚರ್ಚೆ ಶುರು ಮಾಡಿ, ಸಂತೋಷ. ಇಲ್ಲಿ ಲಂಡನ್ ಸಾಕು. ಎಂಜಿನಿಯರ್ ಮತ್ತು ಅಡುಗೆಯವರು ವೈಯಕ್ತಿಕಕ್ಕೆ ಇಳಿಯಬೇಡಿ.

ಅನ್ನ_ಮೊದಲು

ನಾನು ಬ್ಯಾಂಕಿನಲ್ಲಿದ್ದೇನೆ, ದಾಖಲೆಗಿರಲಿ.

ಹಸಿವಿನ ವಿಷಯ ಬಿಡಲ್ಲ ನಾನು. ಫಾರ್ ತನ್ನ ಮೊದಲ ವರದಿಯಲ್ಲೇ ಹಸಿವಿನಿಂದ 63 ಸಾವು ಅಂತ ಬರೆದ. ಯಾರು ಕೂಗಾಡಿದ್ದು ಗೊತ್ತಾ? ನಿಮ್ಮ ಚಾಡ್ವಿಕ್! ದಿಕ್ಕಿಲ್ಲದವರಿಗೆ ನೆರವು ಕೊಡುವ ಬಡವರ ಕಾನೂನಿನ ಕಾರ್ಯದರ್ಶಿ ಅವನೇ. ಬಡವರನ್ನು ಇರಿಸಿಕೊಂಡು ದುಡಿಸುವ ವರ್ಕ್‌ಹೌಸ್ ಕಟ್ಟಿಸಿದವನು. ನನ್ನ ಕಾನೂನು ಇರುವಾಗ ಹಸಿವಿನಿಂದ ಸಾಯುವುದು ಹೇಗೆ ಅಂತ ಜಗಳ ತೆಗೆದ. ಫಾರ್ ಜಗ್ಗಲಿಲ್ಲ. ಹಸಿವು ಸಾಮಾನ್ಯವಾಗಿ ರೋಗದ ವೇಷದಲ್ಲಿ ಕೊಲ್ಲುತ್ತದೆ ಅನ್ನುವ ಅರ್ಥದಲ್ಲಿ ವಾದ ಮಾಡಿದ. ಹಸಿವನ್ನು ಪಟ್ಟಿಯಿಂದ ತೆಗೆದು ದುರ್ವಾಸನೆಯನ್ನು ಸೇರಿಸಿದರೆ ಯಾರಿಗೆ ಲಾಭ? ಚರಂಡಿಗೆ ದುಡ್ಡು ಕೊಟ್ಟರೆ ಸಾಕು, ಕೂಲಿ ಏರಿಸಬೇಕಿಲ್ಲ.

ಅಂಕಿಅಂಶದ_ಅಣ್ಣ

ಇದನ್ನು ಒಪ್ಪುತ್ತೇನೆ. ಈ ದಾರದಲ್ಲಿ ನೀವು ಹೇಳಿದ ಅತ್ಯಂತ ಒಳ್ಳೆಯ ಮಾತು ಇದು.

ನಳದ_ನೀರು

ನಾನೂ. ಆದರೆ ಚರಂಡಿ ಬೇಕಿತ್ತು.

ಹಳೇ_ಕಡತ

ಸಾವಿನ ಕಾರಣದ ಕಾಲಂ ಬಗ್ಗೆ ಡಾಕ್ಟ್ರಮ್ಮ ಸ್ವಲ್ಪ ಮುಟ್ಟಿದರು. ಅದನ್ನು ಬಿಡಿಸಿ ಹೇಳಬೇಕು. ನೋಂದಣಿ ಶುರುವಾದದ್ದು 1837ರ ಜುಲೈ 1ಕ್ಕೆ. ಆದರೆ ಓದಿದ ವೈದ್ಯನ ಸರ್ಟಿಫಿಕೇಟನ್ನು ಕಾನೂನು ಬಿಗಿ ಮಾಡಿದ್ದು 1874ರಲ್ಲಿ. ಅದಕ್ಕೆ ಮೊದಲು ಮನೆಯವರೋ ಪಕ್ಕದವರೋ ಬಂದು ಹೇಳಿದ್ದನ್ನೂ ಬರೆದುಕೊಳ್ಳುತ್ತಿದ್ದರು. ಹಲ್ಲು ಬರುವಾಗ ಸತ್ತಿತು, ಫಿಟ್ಸ್ ಬಂದು ಸತ್ತಿತು, ದೇವರು ಕರೆದುಕೊಂಡ. ಮೂರೂ ಅಧಿಕೃತ ದಾಖಲೆಯಲ್ಲಿ ಸಿಗುತ್ತವೆ. ಟೈಫಸ್ ಹೇನಿನಿಂದ, ಟೈಫಾಯ್ಡ್ ನೀರಿನಿಂದ. ಎರಡನ್ನೂ 1869ರವರೆಗೆ ಸರ್ಕಾರಿ ಪಟ್ಟಿಯಲ್ಲಿ ಒಂದೇ ಗಂಟಿನಲ್ಲಿ ಕಟ್ಟಿಟ್ಟಿದ್ದರು. ಆದ್ದರಿಂದ 1850ರ ಬೆತ್ನಲ್ ಗ್ರೀನ್‌ನಲ್ಲಿ ಟೈಫಾಯ್ಡ್ ಎಷ್ಟು ಅಂತ ಯಾರಾದರೂ ಖಡಾಖಂಡಿತ ಅಂಕಿ ಕೊಟ್ಟರೆ ನಂಬಬೇಡಿ.

ಮಾತಿನ_ಮಲ್ಲಿ

ಫಿಟ್ಸ್ ಬಂದು ಹೋದ ಕೂಸಿಗೆ ನಮ್ಮಜ್ಜಿ ಬಾಲಗ್ರಹ ಅನ್ನುತ್ತಿದ್ದರು. ತೀವ್ರ ಭೇದಿ, ಜ್ವರ, ಏನಿದ್ದರೂ ಕೊನೆಗೆ ಕಣ್ಣಿಗೆ ಕಾಣುವುದು ಆ ಸೆಳೆತ ಒಂದೇ.

ಈಸ್ಟ್‌ಎಂಡ್_ಬಾಡಿಗೆದಾರ

ಬೆತ್ನಲ್ ಗ್ರೀನ್‌ನ ಓಲ್ಡ್ ನಿಕಲ್ ಕೊಳೆಗೇರಿ ಬಗ್ಗೆ ಯಾರಿಗಾದರೂ ಗೊತ್ತಾ? ಈಗ ಅಲ್ಲಿ ಬೌಂಡರಿ ಎಸ್ಟೇಟ್ ಅಂತ ಚಂದದ ಕೆಂಪು ಇಟ್ಟಿಗೆ ಮನೆಗಳಿವೆ.

ಹಳೇ_ಕಡತ

ಸುಮಾರು 5,700 ಜನ ಇದ್ದ ಜಾಗ ಅದು. ಅಲ್ಲಿನ ಸಾವಿನ ಪ್ರಮಾಣ ಸಾವಿರಕ್ಕೆ 40, ಬೆತ್ನಲ್ ಗ್ರೀನ್‌ನ ಉಳಿದ ಭಾಗದ ಎರಡರಷ್ಟು. ಹೋಲಿಕೆಗೆ ಹೇಳುತ್ತೇನೆ, 1848ರ ಕಾಯ್ದೆ ಪ್ರಕಾರ ಲಂಡನ್ ಹೊರಗಿನ ಊರುಗಳಲ್ಲಿ ಸಾವಿರಕ್ಕೆ 23 ದಾಟಿದರೆ ಕೇಂದ್ರವೇ ಬಲವಂತವಾಗಿ ಆರೋಗ್ಯ ಮಂಡಳಿ ಹೇರಬಹುದಿತ್ತು. ಇಲ್ಲಿ 40 ಇದ್ದರೂ ದಶಕಗಟ್ಟಲೆ ಏನೂ ಆಗಲಿಲ್ಲ. ಸ್ಥಳೀಯ ಆಡಳಿತದಲ್ಲಿ ಕೂತವರಲ್ಲಿ ಆ ಮನೆಗಳ ಮಾಲೀಕರೂ ಇದ್ದರು. ಬೇಲಿಯೇ ಹೊಲ ಮೇಯ್ದರೆ ಯಾರು ಕೇಳಬೇಕು? 1889ರಲ್ಲಿ ಲಂಡನ್ ಕೌಂಟಿ ಕೌನ್ಸಿಲ್ ಬಂದ ಮೇಲೆ ಕೆಡವಿದರು. 1900ರಲ್ಲಿ ಹೊಸ ಎಸ್ಟೇಟನ್ನು ಯುವರಾಜ ಉದ್ಘಾಟಿಸಿದ.

ಹಳೇ ಜನರಲ್ಲಿ ಹೊಸ ಮನೆಗೆ ಬಂದವರು ಬೆರಳೆಣಿಕೆ. ಬಾಡಿಗೆ ಜಾಸ್ತಿ, ಮನೆಯಲ್ಲೇ ಮಾಡುವ ಕಸುಬಿಗೆ ಜಾಗ ಇಲ್ಲ. ಉಳಿದವರು ಅಕ್ಕಪಕ್ಕದ ಬೀದಿಗಳಿಗೆ ನುಗ್ಗಿದರು. ಅಲ್ಲಿ ಇಕ್ಕಟ್ಟು ಇನ್ನೂ ಜಾಸ್ತಿ ಆಯಿತು. ಎಸ್ಟೇಟಿನ ಆರ್ನಲ್ಡ್ ಸರ್ಕಸ್ ಅನ್ನುವ ವೃತ್ತದ ನಡುವೆ ದಿಬ್ಬ, ಅದರ ಮೇಲೆ ಬ್ಯಾಂಡ್ ಮಂಟಪ ಇದೆಯಲ್ಲ, ಆ ದಿಬ್ಬ ಕೆಡವಿದ ಮನೆಗಳ ಇಟ್ಟಿಗೆ ಚೂರಿನದ್ದು.

ಅಂಕಿಅಂಶದ_ಅಣ್ಣ

ಆ 40ನ್ನೂ ಒಮ್ಮೆ ನೋಡಬೇಕು. ಆಸ್ಪತ್ರೆಯಲ್ಲಿ, ವರ್ಕ್‌ಹೌಸಿನಲ್ಲಿ ಸತ್ತವರನ್ನು ಯಾವ ಬೀದಿಗೆ ಸೇರಿಸಿದರು ಅನ್ನುವುದರ ಮೇಲೆ ಹೋಗುತ್ತದೆ. ಕೊಳೆಗೇರಿಯ ಜನ ಕೊನೆಗೆ ಸಾಯುತ್ತಿದ್ದದ್ದು ಅಲ್ಲೇ. ಅವರನ್ನು ಬಿಟ್ಟರೆ ಅಂಕಿ ಕಡಿಮೆ ಬರುತ್ತದೆ. ವರ್ಕ್‌ಹೌಸ್ ಇರುವ ಏರಿಯಾಕ್ಕೆ ಎಲ್ಲರನ್ನೂ ಸೇರಿಸಿದರೆ ಅಲ್ಲಿ ಊದಿಕೊಳ್ಳುತ್ತದೆ. ಜಾಣ ಆರೋಗ್ಯಾಧಿಕಾರಿಗಳು ಸತ್ತವರನ್ನು ಅವರವರ ಮನೆ ವಿಳಾಸಕ್ಕೆ ಮರಳಿ ಹಂಚುತ್ತಿದ್ದರು. ಹಂಚದವರ ಅಂಕಿಯನ್ನು ಹಂಚಿದವರ ಅಂಕಿ ಜೊತೆ ಇಟ್ಟು ನೋಡಬಾರದು.

ಬೋರ್‌ವೆಲ್_ಬಸವ

ಅಣ್ಣಾ, ನೀವು ಸ್ಮಶಾನದಲ್ಲೂ ಆಡಿಟ್ ಮಾಡ್ತೀರಿ.

ಅಂಕಿಅಂಶದ_ಅಣ್ಣ

ಆಡಿಟ್ ಆಗಬೇಕಾದ ಜಾಗವೇ ಅದು.

ಈಸ್ಟ್‌ಎಂಡ್_ಬಾಡಿಗೆದಾರ

ಮೂಲ ವರದಿಗಳನ್ನು ಓದಬೇಕು ಅಂತ ಆಸೆ ಆಗಿದೆ. ಗ್ರಂಥಾಲಯಕ್ಕೇ ಹೋಗಬೇಕಾ?

ಹಳೇ_ಕಡತ

ಬೇಡ. 1855ರ ಕಾನೂನಿನಿಂದ ಲಂಡನ್ನಿನ ಪ್ರತಿ ಸ್ಥಳೀಯ ಆಡಳಿತವೂ ಒಬ್ಬ ಆರೋಗ್ಯಾಧಿಕಾರಿಯನ್ನು ನೇಮಿಸಬೇಕಾಯಿತು. ಅವರ ವರದಿಗಳನ್ನು ವೆಲ್ಕಮ್ ಗ್ರಂಥಾಲಯ ಸ್ಕ್ಯಾನ್ ಮಾಡಿ ಹಾಕಿದೆ. 1848ರಿಂದ 1972ರವರೆಗೆ, ಸುಮಾರು 5,500 ವರದಿಗಳು. ದುಡ್ಡಿಲ್ಲ. ಬೆತ್ನಲ್ ಗ್ರೀನ್ ಅಂತ ಹುಡುಕಿ. ಸಾವಿನ ಪಟ್ಟಿ ನೋಡುವ ಮೊದಲು ಜನಸಂಖ್ಯೆಯನ್ನು ಯಾವ ಜನಗಣತಿಯಿಂದ ತೆಗೆದುಕೊಂಡಿದ್ದಾರೆ ಅಂತ ನೋಡಿಕೊಳ್ಳಿ. ಹಾಳಾದ ಮಾಂಸ, ಕಲಬೆರಕೆ ಹಾಲು, ನೆಲಮಾಳಿಗೆ ಬೇಕರಿಗಳ ಭಾಗ ಬಿಡಬೇಡಿ, ಅವೇ ಸ್ವಾರಸ್ಯ.

ಸಂಜೆ_ವಾಕಿಂಗ್

ಹಾಲಿಗೆ ಏನು ಬೆರೆಸುತ್ತಿದ್ದರು?

ಹಳೇ_ಕಡತ

ಮುಖ್ಯವಾಗಿ ನೀರು. ಕೆಡದೆ ಇರಲಿ ಅಂತ ಬೋರಿಕ್ ಆಮ್ಲವನ್ನೂ ಹಾಕುತ್ತಿದ್ದರು.

ಬೋರ್‌ವೆಲ್_ಬಸವ

ನೀರು ಅಂದರೆ, ಓಲ್ಡ್ ಫೋರ್ಡ್ ನೀರಾ?

ನಳದ_ನೀರು

1866ರ ಬೇಸಿಗೆಯಲ್ಲಿ ಈ ಕಡೆ ಇದ್ದ ಹಾಲಿನವನಿಗೆ ಬೇರೆ ಯಾವ ಕಂಪನಿ ಇತ್ತು?